ಹಳೆ ಪಾರ್ಟ್ ಎಸೆಯಬೇಡಿ, ಉತ್ತರ ಅದರ ಮೇಲೆಯೇ ಇರುತ್ತದೆ

ಕಳೆದ ತಿಂಗಳು ನನ್ನ ಹಳೆ ಕಾರಿನ ಬ್ರೇಕ್ ಪೆಡಲ್ ತಾನಾಗಿ ಕೆಳಗೆ ಇಳಿಯಲು ಶುರುವಾಯ್ತು. ಒತ್ತಿ ಹಿಡಿದರೆ ಮೊದಲು ಗಟ್ಟಿಯಾಗಿ ನಿಲ್ಲುತ್ತಿತ್ತು, ಆಮೇಲೆ ಮೆಲ್ಲಗೆ ಜಾರಿ ನೆಲ ಮುಟ್ಟುತ್ತಿತ್ತು. ಹೊರಗೆ ಎಲ್ಲೂ ಸೋರಿಕೆ ಇಲ್ಲ. ಮೇಲಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಕಡಿಮೆ ಆಗಿಲ್ಲ. ಹಾಗಿದ್ದರೆ ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಭಾಗ) ಒಳಗಿನ, ಆಯಿಲ್ ಹಿಂದಕ್ಕೆ ಜಾರದಂತೆ ತಡೆಯುವ ರಬ್ಬರ್ ಕಪ್ ಸವೆದಿದೆ ಅಂತಲೇ ಲೆಕ್ಕ. ದೊಡ್ಡ ಕೆಲಸ ಏನಲ್ಲ, ರಿಪೇರಿ ಕಿಟ್ ತಂದು ಹಾಕಿದರೆ ಆಯ್ತು. ಆದರೆ ಕಾರಿಗೆ ಮೂವತ್ತು ವರ್ಷ ದಾಟಿದೆ, ಕಂಪನಿಯವರು ಅದರ ಬಿಡಿಭಾಗ ಮಾಡುವುದನ್ನು ಬಿಟ್ಟು ಎಷ್ಟೋ ಕಾಲ ಆಗಿದೆ.

ಮಾರುವವರೊಬ್ಬರು ಸಿಕ್ಕರು. ಮಾಡೆಲ್ ಹೆಸರು ಕೇಳಿದರು, ವರ್ಷ ಕೇಳಿದರು, 'ಎಲ್ಲದಕ್ಕೂ ಒಂದೇ ಕಿಟ್ ಸರ್, ಕೂರುತ್ತೆ' ಅಂದರು. ತರಿಸಿದೆ. ಕಪ್ ತೆಗೆದು ಸಿಲಿಂಡರ್ ಒಳಗೆ ಬಿಟ್ಟರೆ ಬೆರಳಲ್ಲಿ ತಳ್ಳದೆಯೇ ಒಳಗೆ ಹೋಯ್ತು. ಬಿಗಿಯಾಗಿ ಕೂರಬೇಕಾದ ರಬ್ಬರ್ ಸಡಿಲವಾಗಿ ಅಲ್ಲಾಡುತ್ತಿತ್ತು.

ಆಗ ಮಾಡಿದ್ದನ್ನು ಮೊದಲೇ ಮಾಡಬೇಕಿತ್ತು. ಹಳೆ ಸಿಲಿಂಡರನ್ನು ಬೆಳಕಿಗೆ ಹಿಡಿದು, ಹೊರಮೈಯ ಜಿಡ್ಡನ್ನು ಸ್ಪಿರಿಟ್ ಹಾಕಿ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದೆ. (ಬ್ರೇಕ್ ಭಾಗಕ್ಕೆ ಸೀಮೆಎಣ್ಣೆ, ಪೆಟ್ರೋಲ್ ಮುಟ್ಟಿಸಬೇಡಿ, ಸ್ವಲ್ಪ ಉಳಿದುಕೊಂಡರೂ ಒಳಗಿನ ರಬ್ಬರ್ ಊದಿಕೊಳ್ಳುತ್ತದೆ.) ಐದು ನಿಮಿಷ ಉಜ್ಜಿದ ಮೇಲೆ ಬದಿಯಲ್ಲಿ ಏನೋ ಉಬ್ಬು ಕೈಗೆ ಸಿಕ್ಕಿತು. ಸೀಮೆಸುಣ್ಣ ತಿಕ್ಕಿ ಒರೆಸಿದಾಗ ಅಂಕಿಗಳು ಬೆಳ್ಳಗೆ ಎದ್ದು ಕಂಡವು: 20.64. ಅಂದರೆ ಇಂಚಿನಲ್ಲಿ ಹದಿನಾರರಲ್ಲಿ ಹದಿಮೂರು ಭಾಗ, ಸಿಲಿಂಡರಿನ ಒಳಗಿನ ವ್ಯಾಸ. ನನಗೆ ಬಂದಿದ್ದ ಕಿಟ್ 19.05ರದ್ದು, ಅಂದರೆ ಮುಕ್ಕಾಲು ಇಂಚಿನದ್ದು. ವ್ಯತ್ಯಾಸ ಒಂದೂವರೆ ಮಿಲಿಮೀಟರ್ ಚಿಲ್ಲರೆ. ಒಂದೇ ಮಾಡೆಲ್‌ಗೆ ಎರಡು ಸೈಜಿನ ಸಿಲಿಂಡರ್ ಬಂದಿದ್ದವು, ಉತ್ತರ ಮೊದಲ ದಿನದಿಂದಲೂ ನನ್ನ ಕೈಯಲ್ಲೇ ಜಿಡ್ಡಿನ ಅಡಿಯಲ್ಲಿ ಇತ್ತು.

ಹಳೆ ಗಾಡಿ ಇಟ್ಟುಕೊಂಡವರಿಗೆ ನಾನು ಹೇಳುವುದು ಇದೊಂದೇ. ಹುಡುಕಾಟ ಶುರುವಾಗಬೇಕಾದ್ದು ಅಂಗಡಿಯಲ್ಲಲ್ಲ, ಫೋನಲ್ಲೂ ಅಲ್ಲ, ಕೈಯಲ್ಲಿರುವ ಹಾಳಾದ ಪಾರ್ಟಿನಿಂದ. ಹೊಸದು ಕೂತು, ಗಾಡಿ ಓಡಿ, ಒಂದು ವಾರ ಕಳೆಯುವವರೆಗೂ ಹಳೆಯದನ್ನು ಎಸೆಯಲೇಬೇಡಿ.

ಮಾಡೆಲ್ ಹೆಸರು ಮತ್ತು ವರ್ಷ ಯಾಕೆ ಸಾಲುವುದಿಲ್ಲ ಅಂದರೆ, ವರ್ಷ ಅನ್ನುವುದೇ ಗಟ್ಟಿಯಾದ ವಿಷಯ ಅಲ್ಲ. ಕಾಗದದಲ್ಲಿರುವುದು ಗಾಡಿ ರಿಜಿಸ್ಟರ್ ಆದ ವರ್ಷ ಇರಬಹುದು, ಗಾಡಿ ತಯಾರಾಗಿದ್ದು ಅದಕ್ಕೂ ಹಿಂದಿನ ವರ್ಷ ಇರಬಹುದು. ಕಂಪನಿಯ ಲೆಕ್ಕದ ಮಾಡೆಲ್ ವರ್ಷ ಮತ್ತೊಂದು. ಫೋಕ್ಸ್‌ವ್ಯಾಗನ್ ಬೀಟಲ್ ವಿಷಯದಲ್ಲಿ ಮಾಡೆಲ್ ವರ್ಷ ಆಗಸ್ಟ್‌ನಲ್ಲೇ ಶುರು, ಹಾಗಾಗಿ 1966ರ ಸೆಪ್ಟೆಂಬರಿನಲ್ಲಿ ತಯಾರಾದ ಗಾಡಿ 1967ರ ಮಾಡೆಲ್. ಅಮೆರಿಕಕ್ಕೆ ಹೋದ ಬೀಟಲ್‌ಗಳು 6 ವೋಲ್ಟ್‌ನಿಂದ 12 ವೋಲ್ಟ್‌ಗೆ ಬದಲಾಗಿದ್ದು ಆ 1967ರ ಮಾಡೆಲ್‌ನಲ್ಲೇ. ಬರೀ '1966' ಅಂತ ಹೇಳಿ ಬಲ್ಬ್ ತರಿಸಿದರೆ ಏನಾಗುತ್ತದೆ ಯೋಚಿಸಿ. ಇದಲ್ಲದೆ ವರ್ಷದ ಮಧ್ಯದಲ್ಲೇ, ಇಂಥ ಚಾಸಿ ನಂಬರಿನಿಂದ ಮುಂದಕ್ಕೆ ಅಂತ ಸದ್ದಿಲ್ಲದೆ ಬದಲಾದ ಭಾಗಗಳು ಬೇಕಾದಷ್ಟಿವೆ.

ಅದಕ್ಕೇ ಚಾಸಿ ನಂಬರ್, ಇಂಜಿನ್ ನಂಬರ್ ಎರಡನ್ನೂ ಗಾಡಿಯಿಂದಲೇ ನೋಡಿ ಬರೆದುಕೊಳ್ಳಿ, ಕಾಗದ ನೋಡಿ ಬೇಡ. ಈಗ ಕಾಣುವ 17 ಅಕ್ಷರದ ನಂಬರ್ ಅಮೆರಿಕದಲ್ಲಿ ಕಡ್ಡಾಯವಾಗಿದ್ದು 1981ರ ಮಾಡೆಲ್‌ನಿಂದ. ಅದರಲ್ಲಿ ಐ, ಓ, ಕ್ಯೂ ಅನ್ನುವ ಇಂಗ್ಲಿಷ್ ಅಕ್ಷರಗಳು ಇರುವುದೇ ಇಲ್ಲ, ಒಂದು ಮತ್ತು ಸೊನ್ನೆಯ ಜೊತೆ ಗೊಂದಲ ಆಗಬಾರದು ಅಂತ. ಹಾಗಾಗಿ ಅಂಥ ನಂಬರಿನಲ್ಲಿ ಓ ಥರ ಕಂಡರೆ ಅದು ಸೊನ್ನೆಯೇ. ಅದಕ್ಕಿಂತ ಹಳೆಯ ಗಾಡಿಗಳಲ್ಲಿ ಒಬ್ಬೊಬ್ಬ ತಯಾರಕರದ್ದು ಒಂದೊಂದು ಪದ್ಧತಿ. ಇನ್ನು ಇಂಜಿನ್ ಯಾವುದೋ ಕಾಲದಲ್ಲಿ ಬದಲಾಗಿರಬಹುದು. ಹಳೆ ಗಾಡಿಯಲ್ಲಿ ಇದು ತುಂಬಾ ಸಾಮಾನ್ಯ. ಗ್ಯಾಸ್ಕೆಟ್, ಪಿಸ್ಟನ್, ವಾಟರ್ ಪಂಪ್ ಕೇಳುವಾಗ ಇಂಜಿನ್ ನಂಬರ್ ಹೇಳಬೇಕು, ಬ್ರೇಕು ಬಾಗಿಲು ಕೇಳುವಾಗ ಚಾಸಿ ನಂಬರ್.

ನಂಬರ್ ಸಿಕ್ಕ ಮೇಲೆ ಪಾರ್ಟ್ಸ್ ಕ್ಯಾಟಲಾಗ್. ವರ್ಕ್‌ಶಾಪ್ ಮ್ಯಾನ್ಯುಯಲ್ ಬೇರೆ, ಪಾರ್ಟ್ಸ್ ಕ್ಯಾಟಲಾಗ್ ಬೇರೆ, ಎರಡೂ ಬೇಕು. ಮೊದಲನೆಯದು ಬಿಚ್ಚುವುದು ಹೇಗೆ ಅಂತ ಹೇಳುತ್ತದೆ. ಎರಡನೆಯದರಲ್ಲಿ ಒಂದೊಂದು ಜೋಡಣೆಯನ್ನೂ ಬಿಡಿಬಿಡಿಯಾಗಿ ಹರಡಿದ ಚಿತ್ರ ಇರುತ್ತದೆ, ಪ್ರತಿ ತುಂಡಿಗೂ ನಂಬರ್, ಜೊತೆಗೆ ಎಷ್ಟು ಬೇಕು ಅನ್ನುವ ಲೆಕ್ಕ. ಹಿಂದೆ ಯಾರೋ ಬಿಚ್ಚಿದಾಗ ಕಳೆದು ಹಾಕಿದ ವಾಷರ್ ಒಂದಿತ್ತು ಅಂತ ನಿಮಗೆ ಗೊತ್ತಾಗುವುದು ಆ ಚಿತ್ರದಿಂದ ಮಾತ್ರ.

ಪಾರ್ಟ್ ನಂಬರಿಗೂ ಒಂದು ವ್ಯಾಕರಣ ಇರುತ್ತದೆ. ಇದು ನನಗೆ ತುಂಬಾ ಇಷ್ಟದ ವಿಷಯ. ಹೋಂಡಾ ನಂಬರಿನ ಮೊದಲ ಐದು ಅಂಕಿ ಅದು ಏನು ಅಂತ ಹೇಳುತ್ತದೆ, ಕಾರುಗಳಲ್ಲಿ 15400 ಅಂದರೆ ಆಯಿಲ್ ಫಿಲ್ಟರ್. ನಡುವಿನ ಮೂರು ಅಕ್ಷರ ಆ ಪಾರ್ಟ್ ಮೊದಲು ಯಾವ ಮಾಡೆಲ್‌ಗೆ ತಯಾರಾಯ್ತು ಅಂತ ಹೇಳುತ್ತದೆ. ನಿಮ್ಮ ಗಾಡಿಯ ಪಾರ್ಟಿನಲ್ಲಿ ನಡುವಿನ ಅಕ್ಷರ ಬೇರೆ ಮಾಡೆಲ್‌ನದ್ದಾಗಿದ್ದರೆ ಖುಷಿಪಡಿ, ಅದೇ ಪಾರ್ಟ್ ಇನ್ನೊಂದು ಗಾಡಿಯಲ್ಲೂ ಇದೆ ಅಂತ ಅರ್ಥ, ಹುಡುಕುವ ಜಾಗ ಎರಡಾಯ್ತು. ಹಳೆ ಫೋಕ್ಸ್‌ವ್ಯಾಗನ್ ನಂಬರಿನಲ್ಲಿ ಮೊದಲ ಮೂರು ಅಂಕಿ ಗಾಡಿಯದ್ದು, ನಾಲ್ಕನೆಯದು ಗುಂಪಿನದ್ದು: 1 ಇಂಜಿನ್, 6 ಚಕ್ರ ಮತ್ತು ಬ್ರೇಕ್, 9 ಎಲೆಕ್ಟ್ರಿಕಲ್.

ಕಂಪನಿಗಳು ನಂಬರನ್ನು ಬದಲಾಯಿಸುತ್ತಲೂ ಇರುತ್ತವೆ. ಹಳೆ ನಂಬರ್ ನಿಂತುಹೋಗಿ ಅದರ ಬದಲು ಹೊಸದು ಬರುತ್ತದೆ, ಮತ್ತೆ ಅದರ ಬದಲು ಇನ್ನೊಂದು. ಹಾಗಾಗಿ ಸರಪಳಿಯ ಎಲ್ಲಾ ನಂಬರನ್ನೂ ಹಾಕಿ ಹುಡುಕಿ. ಯಾವುದೋ ಗೋದಾಮಿನ ಮೂಲೆಯಲ್ಲಿ ಉಳಿದಿರುವ ಡಬ್ಬದ ಮೇಲೆ ಇರುವುದು ಅತಿ ಹಳೆಯ ನಂಬರೇ. ನಂಬರಿನ ಮಧ್ಯದ ಗೆರೆ, ಖಾಲಿ ಜಾಗ ತೆಗೆದು ಒಂದು ಸಲ, ಸೇರಿಸಿ ಒಂದು ಸಲ ಹುಡುಕಿ. ಇಷ್ಟು ಸಣ್ಣ ವಿಷಯಕ್ಕೇ ಸಿಗದೇ ಹೋದದ್ದು ಸಿಕ್ಕಿದೆ ನನಗೆ.

ಇಲ್ಲೊಂದು ಎಚ್ಚರಿಕೆ ಇದೆ. ಎರಕದಲ್ಲೇ ಮೂಡಿದ ನಂಬರ್ ಎಲ್ಲ ಪಾರ್ಟ್ ನಂಬರ್ ಅಲ್ಲ. ಅದು ಅಚ್ಚಿನ ನಂಬರ್ ಇರಬಹುದು. ಒಂದೇ ಅಚ್ಚಿನಲ್ಲಿ ಎರಕ ಹೊಯ್ದು, ಆಮೇಲೆ ಬೇರೆ ಬೇರೆ ಅಳತೆಗೆ ತೂತು ಕೊರೆದು ಎರಡು ಬೇರೆ ಪಾರ್ಟ್ ಮಾಡಿರುತ್ತಾರೆ. ಅದನ್ನೇ ನಂಬಿ ದುಡ್ಡು ಕಳಿಸಬೇಡಿ, ಅಳತೆ ತಾಳೆ ನೋಡಿ.

ಅಳತೆ ಅಂದಾಗ ನೆನಪಾಯ್ತು, ಹಳೆ ಗಾಡಿಯವರ ಹತ್ತಿರ ಒಂದು ವರ್ನಿಯರ್ ಕ್ಯಾಲಿಪರ್ ಇರಲೇಬೇಕು. ಗಾಡಿಯಲ್ಲಿರುವ ಎಷ್ಟೋ ಭಾಗಗಳು ಆ ಕಂಪನಿಯದ್ದೇ ಅಲ್ಲ, ಇಡೀ ಜಗತ್ತಿನ ಯಂತ್ರಗಳಲ್ಲಿ ಬಳಸುವ ಸಾಮಾನ್ಯ ಭಾಗಗಳು. ಬೇರಿಂಗ್ ತಗೊಳ್ಳಿ. ಅಂಚಿನಲ್ಲಿ 6204 ಅಂತ ಇದ್ದರೆ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿ, ಒಳ ವ್ಯಾಸ 20 ಮಿಲಿಮೀಟರ್. ಹೊರ ವ್ಯಾಸ 47, ದಪ್ಪ 14, ಯಾರೇ ಮಾಡಿದರೂ ಇದೇ ಅಳತೆ. 04ಕ್ಕಿಂತ ಕೆಳಗೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ: 00 ಅಂದರೆ 10, 01 ಅಂದರೆ 12, 02 ಅಂದರೆ 15, 03 ಅಂದರೆ 17. ನಂಬರಿನ ಕೊನೆಗೆ 2ಆರ್‌ಎಸ್ ಅಂತಿದ್ದರೆ ಎರಡೂ ಬದಿ ರಬ್ಬರ್ ಮುಚ್ಚಳ. ಸಿ3 ಅಂತಿದ್ದರೆ ಒಳಗಿನ ಸಡಿಲ ಮಾಮೂಲಿಗಿಂತ ಸ್ವಲ್ಪ ಜಾಸ್ತಿ. ಅದನ್ನು ಬಿಟ್ಟು ಮಾಮೂಲಿ ಬೇರಿಂಗ್ ಹಾಕಬೇಡಿ, ಬಿಸಿಯಾದಾಗ ಹಿಡಿದುಕೊಳ್ಳಬಹುದು. 'ಆ ಗಾಡಿಯ ಬೇರಿಂಗ್ ಈಗ ಬರಲ್ಲ' ಅಂತ ಸ್ಪೇರ್ಸ್ ಅಂಗಡಿಯಲ್ಲಿ ಹೇಳಿದ್ದು ಬೇರಿಂಗ್ ಅಂಗಡಿಯಲ್ಲಿ ನಂಬರ್ ಹೇಳಿದ ಕೂಡಲೇ ಸಿಗುತ್ತದೆ.

ಆಯಿಲ್ ಸೀಲ್ ಕಥೆಯೂ ಅದೇ. ಮೇಲೆ 35 52 7 ಅಂತ ಇದ್ದರೆ ಶಾಫ್ಟ್, ಹೊರಗಿನ ತೂತು, ದಪ್ಪ ಕ್ರಮವಾಗಿ. ಅಳಿಸಿಹೋಗಿದ್ದರೆ ಹಳೆ ಸೀಲಿನ ತುಟಿ (ಶಾಫ್ಟಿಗೆ ಒತ್ತಿಕೊಳ್ಳುವ ಒಳ ಅಂಚು) ಅಳೆಯಬೇಡಿ, ಅದು ಸವೆದಿರುತ್ತದೆ. ಶಾಫ್ಟನ್ನೇ ಅಳೆಯಿರಿ. ಫ್ಯಾನ್ ಬೆಲ್ಟಿನ ಮೇಲೆ 6ಪಿಕೆ1200 ಅಂದರೆ ಆರು ಗೀರು, 1200 ಮಿಲಿಮೀಟರ್ ಉದ್ದ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್. ಅದರ ಕಾಲುಗಳಿಗೆ 30, 85, 86, 87 ಅಂತ ಬರೆದಿರುವುದು ಜರ್ಮನಿಯ ಡಿನ್ 72552 ಅನ್ನುವ ಪದ್ಧತಿ. 30 ಬ್ಯಾಟರಿಯಿಂದ ನೇರ ಬರುವುದು, 85 ಮತ್ತು 86 ಕಾಯಿಲ್, 87 ಹೊರಗೆ ಹೋಗುವುದು. ಹಾಗಾಗಿ ರಿಲೇಗೆ ನಿಮ್ಮ ಗಾಡಿಯ ಹೆಸರಿನ ಡಬ್ಬವೇ ಬೇಕಂತಿಲ್ಲ. ಕಾಲುಗಳ ಜೋಡಣೆ, ವೋಲ್ಟ್, ಆಂಪಿಯರ್ ಸರಿಯಿದ್ದರೆ ಸಾಕು. ಸ್ಪಾರ್ಕ್ ಪ್ಲಗ್‌ನಲ್ಲಿ ಮಾತ್ರ ಹುಷಾರು. ಎನ್‌ಜಿಕೆ ಕಂಪನಿಯದರಲ್ಲಿ ಅಂಕಿ ಹೆಚ್ಚಾದಷ್ಟೂ ಪ್ಲಗ್ ತಣ್ಣನೆಯದು, ಅಂದರೆ ಬಿಸಿಯನ್ನು ಬೇಗ ಬಿಟ್ಟುಕೊಡುವಂಥದ್ದು, ಬಾಷ್‌ನಲ್ಲಿ ಅಂಕಿ ಹೆಚ್ಚಾದಷ್ಟೂ ಬಿಸಿಯದು. ಅಂಕಿ ಒಂದೇ ಅಂತ ಒಂದರ ಬದಲು ಇನ್ನೊಂದು ಹಾಕುವ ಹಾಗಿಲ್ಲ.

ಬೋಲ್ಟ್ ವಿಷಯದಲ್ಲಿ ಅವಸರ ಮಾಡಿದರೆ ಹೊಸ ಕೆಲಸ ಹುಟ್ಟುತ್ತದೆ. ಎಂ10 (10 ಮಿಲಿಮೀಟರ್ ದಪ್ಪದ) ಬೋಲ್ಟ್ ಎಂದರೆ ಸಾಕಾಗಲ್ಲ, ಥ್ರೆಡ್ ಅಂತರ 1.5, 1.25, 1.0 ಮಿಲಿಮೀಟರ್ ಮೂರೂ ಗಾಡಿಗಳಲ್ಲಿ ಸಿಗುತ್ತವೆ. ಎರಡು ಸುತ್ತು ಕೈಯಲ್ಲಿ ಹೋಗಿ ಬಿಗಿಯಾಯ್ತು ಅಂದರೆ ಅಲ್ಲೇ ನಿಲ್ಲಿಸಿ, ಸ್ಪ್ಯಾನರ್ ಹಾಕಬೇಡಿ. ಹಳೆ ಬ್ರಿಟಿಷ್ ಗಾಡಿಗಳಲ್ಲಿ ವಿಟ್‌ವರ್ಥ್ ಥ್ರೆಡ್ ಇರುತ್ತದೆ, 1841ರಷ್ಟು ಹಳೆಯ ಪದ್ಧತಿ. ಅದರ ಕೋನ 55 ಡಿಗ್ರಿ, ಮೆಟ್ರಿಕ್‌ನದ್ದು 60. ಹತ್ತಿರ ಹತ್ತಿರ ಕೂತ ಹಾಗೆ ಅನ್ನಿಸಿ ಥ್ರೆಡ್ಡೆಲ್ಲ ಕಿತ್ತು ಬರುತ್ತದೆ.

ಬೇರೆ ಗಾಡಿಯಿಂದ ಪಾರ್ಟ್ ತರುವಾಗ ಮೇಲ್ನೋಟಕ್ಕೆ ಅವಳಿ ಥರ ಕಂಡರೂ ನಂಬಬೇಡಿ. ರಷ್ಯಾದ ಮೊದಲ ಲಾಡಾ ಬಂದಿದ್ದು ಫಿಯೆಟ್ 124ರಿಂದ. ಹೊರಗಿನಿಂದ ಅಣ್ಣ ತಮ್ಮ. ಆದರೆ ಲಾಡಾಗೆ ಇಂಜಿನ್ನೇ ಬೇರೆ, ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ಇಂಜಿನ್ನಿನ ತಲೆಯ ಮೇಲೆ. ಫಿಯೆಟ್‌ನಲ್ಲಿ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇದ್ದರೆ ಲಾಡಾದ ಹಿಂದೆ ಡ್ರಮ್. ಗುಜರಿಗೆ ಹೋದಾಗ ನಾನು ಹಳೆ ಪಾರ್ಟನ್ನು ಚೀಲದಲ್ಲಿ ಹಾಕಿಕೊಂಡೇ ಹೋಗುತ್ತೇನೆ. ಪಕ್ಕಪಕ್ಕ ಇಟ್ಟು ನೋಡುವುದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ಇನ್ನು ರಬ್ಬರ್. ಮೂವತ್ತು ವರ್ಷ ಹಳೆಯ, ಬಿಚ್ಚದ, ಕಂಪನಿಯದೇ ಡಬ್ಬ ಸಿಕ್ಕಿದರೆ ಯಾರಿಗಾದರೂ ಆಸೆಯಾಗುತ್ತದೆ, ನನಗೂ ಆಗುತ್ತದೆ. ಗೇರು, ಲಿವರು, ದೀಪದ ಗಾಜು ಆಗಿದ್ದರೆ ಕಣ್ಣು ಮುಚ್ಚಿ ತಗೊಳ್ಳಿ. ಬ್ರೇಕ್ ಹೋಸ್, ಕಪ್, ಡಯಾಫ್ರಾಮ್ ಆಗಿದ್ದರೆ ಬೇಡ. ರಬ್ಬರ್ ಡಬ್ಬದೊಳಗೆ ಕೂತಲ್ಲೇ ಮುದಿಯಾಗುತ್ತದೆ. ಹಳೆ ಸ್ಟಾಕಿನ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದರ ಪುಡಿಯನ್ನು ಊದಬೇಡಿ, ಗಾಳಿ ಹೊಡೆದು ಹಾರಿಸಬೇಡಿ. ರಬ್ಬರ್ ಯಾವ ಆಯಿಲ್‌ಗೆ ಮಾಡಿದ್ದು ಅನ್ನುವುದೂ ಅಷ್ಟೇ ಮುಖ್ಯ. ಸಿಟ್ರೊಯೆನ್ ಡಿಎಸ್ ಕಾರುಗಳಲ್ಲಿ ಮೊದಮೊದಲಿನವು ಕೆಂಪು ಹೈಡ್ರಾಲಿಕ್ ಆಯಿಲಿನವು, ಆಮೇಲಿನವು ಹಸಿರು ಮಿನರಲ್ ಆಯಿಲಿನವು. ನೋಡಲು ಒಂದೇ ಥರದ ಸೀಲ್, ಆದರೆ ಒಂದರದ್ದು ಇನ್ನೊಂದಕ್ಕೆ ಹಾಕಿದರೆ ಹಾಳಾಗುತ್ತದೆ.

ಕೊಳ್ಳುವಾಗ ಮಾರುವವರನ್ನು 'ನನ್ನ ಗಾಡಿಗೆ ಆಗುತ್ತಾ' ಅಂತ ಕೇಳುವುದನ್ನು ನಾನು ಬಿಟ್ಟಿದ್ದೇನೆ. ಆ ಪ್ರಶ್ನೆಗೆ ಉತ್ತರ ಯಾವಾಗಲೂ 'ಆಗುತ್ತೆ ಸರ್' ಅಂತಲೇ. ಅದರ ಬದಲು, 'ಕಪ್ಪಿನ ಮೇಲೆ ಏನು ಬರೆದಿದೆ ಓದಿ ಹೇಳಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಒಂದು ಫೋಟೋ ಕಳಿಸಿ' ಅಂತ ಕೇಳುತ್ತೇನೆ. ಎರಡನೇ ಸಲ ಕಿಟ್ ತರಿಸಿದ್ದು ಹಾಗೆ. ಬೇರೆ ಯಾವುದೋ ವ್ಯಾನಿನ ಹೆಸರಿನ ಡಬ್ಬದಲ್ಲಿ ಬಂತು, ಕಪ್ಪಿನ ಅಂಚಿನಲ್ಲಿ 20.64 ಅಂತ ಸಣ್ಣಕ್ಕೆ ಇತ್ತು, ಉದ್ದ, ಅಂಚು, ಸ್ಪ್ರಿಂಗ್ ಎಲ್ಲ ಹಳೆಯದರ ಪಕ್ಕ ಇಟ್ಟು ಹೊಂದಿಸಿ ನೋಡಿದೆ. ಸಿಲಿಂಡರಿನ ಒಳಗೋಡೆಯಲ್ಲಿ ಗೀರಾಗಲಿ ತುಕ್ಕಿನ ಗುಳಿಯಾಗಲಿ ಇರಲಿಲ್ಲ, ಇದ್ದಿದ್ದರೆ ಹೊಸ ಕಪ್ ಹಾಕಿಯೂ ಪ್ರಯೋಜನ ಇರುತ್ತಿರಲಿಲ್ಲ. ಜೋಡಿಸಿ, ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆದು, ಪೆಡಲ್ ಮೇಲೆ ಎರಡು ನಿಮಿಷ ಕಾಲಿಟ್ಟು ಕೂತೆ. ಒಂದಿಷ್ಟೂ ಇಳಿಯಲಿಲ್ಲ.

ಈಗ ಹಿಂದಿನ ಗಾಜಿನ ರಬ್ಬರ್ ಹುಡುಕುತ್ತಿದ್ದೇನೆ. ಅದರ ಪಾರ್ಟ್ ನಂಬರ್ ಸತ್ತು ತುಂಬಾ ದಿನ ಆಗಿದೆ, ಸರಪಳಿಯಲ್ಲಿ ಮುಂದೆ ಏನೂ ಇಲ್ಲ. ಹಾಗಾಗಿ ಮೀಟರ್ ಲೆಕ್ಕದಲ್ಲಿ ಸಿಗುವ ರಬ್ಬರ್ ಪಟ್ಟಿಯಲ್ಲೇ ಹೊಂದುವುದನ್ನು ನೋಡಬೇಕು. ಹಳೆ ರಬ್ಬರಿನ ಕೆಳಮೂಲೆಯಿಂದ ಬ್ಲೇಡಿನಲ್ಲಿ ಒಂದು ತೆಳು ಚೂರು ಕೊಯ್ದು, ಸ್ಟಾಂಪ್ ಪ್ಯಾಡಿಗೆ ಒತ್ತಿ, ಗ್ರಾಫ್ ಹಾಳೆಯ ಮೇಲೆ ಅಚ್ಚು ತೆಗೆದಿದ್ದೇನೆ. ಗಾಜು ಕೂರುವ ಸೀಳು ಒಂದು ಕಡೆ, ತಗಡು ಕೂರುವ ಸೀಳು ಇನ್ನೊಂದು ಕಡೆ, ಎರಡರ ಅಗಲವೂ ಚೌಕಗಳ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಆ ಹಾಳೆಯ ಫೋಟೋವನ್ನು ನಿನ್ನೆ ಮೂರು ಜನಕ್ಕೆ ಕಳಿಸಿದೆ. ಒಬ್ಬರು ಆಗಲೇ ತಮ್ಮಲ್ಲಿರುವ ಪಟ್ಟಿಯ ಚೂರನ್ನು ಅದೇ ರೀತಿ ಹಾಳೆಯ ಮೇಲೆ ಒತ್ತಿ ವಾಪಸ್ ಕಳಿಸಿದ್ದಾರೆ. ಗಾಜಿನ ಸೀಳು ಸರಿಯಾಗಿದೆ, ತಗಡಿನ ಸೀಳು ಅರ್ಧ ಚೌಕ ದೊಡ್ಡದಿದೆ. ಇನ್ನಿಬ್ಬರ ಉತ್ತರಕ್ಕೆ ಕಾಯುತ್ತಿದ್ದೇನೆ.