ಬೋರಲು ಬೀಳದ ಚಿಂತೆ, ಎಡಗೈಯ ಚಿಂತೆ

14 ಆಗಸ್ಟ್ 2024, ಬುಧವಾರ, ರಾತ್ರಿ

ಮೇಲಿನ ಮನೆಯವರು ಸಂಜೆ ಬಂದು, ತಮ್ಮ ಮೊಮ್ಮಗಳು ನಾಲ್ಕೂವರೆ ತಿಂಗಳಿಗೇ ಬೋರಲು ಬಿದ್ದಳೆಂದು ಹೇಳಿ ಹೋದಾಗಿನಿಂದ ಅತ್ತೆಯವರಿಗೆ ಸಮಾಧಾನವಿಲ್ಲ. "ಆರು ತಿಂಗಳು ತುಂಬುತ್ತಾ ಬಂತು, ಇವನು ಇನ್ನೂ ಮಗ್ಗುಲಿಗೂ ಹೊರಳಲಿಲ್ಲವಲ್ಲಮ್ಮ" ಎಂದು ಊಟದ ಹೊತ್ತಿಗೂ ಅದನ್ನೇ ಹೇಳಿದರು.

ನಾನು ತಾಯಿ ಕಾರ್ಡ್ ತಂದು ತೋರಿಸಿದೆ. ನನ್ನ ಮಗ ಹುಟ್ಟಿದ್ದು 33 ವಾರಕ್ಕೆ. ದಿನ ತುಂಬುವುದೆಂದರೆ 40 ವಾರ. ಹಾಗಾಗಿ ಏಳು ವಾರವನ್ನು ಕಳೆದೇ ಇವನ ಬೆಳವಣಿಗೆಯನ್ನು ನೋಡಬೇಕು. ಲಸಿಕೆಗೆ ಹುಟ್ಟಿದ ದಿನದ ಲೆಕ್ಕವೇ ಇದ್ದರೂ, ಬೆಳವಣಿಗೆಗೆ ಎರಡು ವರ್ಷದವರೆಗೂ ಈ ತಿದ್ದಿದ ವಯಸ್ಸೇ ಆಧಾರ. ಆ ಲೆಕ್ಕದಲ್ಲಿ ಇವನಿಗೆ ನಾಲ್ಕು ತಿಂಗಳು ದಾಟಿದೆ ಅಷ್ಟೆ. ಬೋರಲು ಬೀಳಲು ಇನ್ನೂ ಸಮಯವಿದೆ.

"ಹಾಗಾದರೆ ಇವನು ಸರಿಯಾಗಿದ್ದಾನೆ ಅಂತ ಹೇಗೆ ತಿಳಿಯುವುದು?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಬೋರಲು ಬೀಳುವುದು, ಕೂರುವುದು, ನಡೆಯುವುದು ನಮ್ಮ ಕಣ್ಣಿಗೆ ದೊಡ್ಡದಾಗಿ ಕಾಣುತ್ತವೆ, ಆದರೆ ಅವೆಲ್ಲ ದೇಹದ ದೊಡ್ಡ ಸ್ನಾಯುಗಳ ಕೆಲಸ. ಕೈಬೆರಳುಗಳದ್ದು ಬೇರೆ, ಮಾತಿನದ್ದು ಬೇರೆ, ಜನರನ್ನು ಗುರುತಿಸಿ ಒಡನಾಡುವುದು ಬೇರೆ, ನೋಡಿ ತಿಳಿಯುವುದು ಬೇರೆ. ಇವೆಲ್ಲ ಒಂದನ್ನೊಂದು ಆಧರಿಸಿಯೇ ಬೆಳೆದರೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿದಂತೆ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಸರೆಯಿಲ್ಲದೆ ಕೂರುವ ವಯಸ್ಸು 3.8 ತಿಂಗಳಿಂದ 9.2 ತಿಂಗಳವರೆಗೂ, ತಾನಾಗಿ ನಡೆಯುವುದು 8.2ರಿಂದ 17.6 ತಿಂಗಳವರೆಗೂ ಹರಡಿತ್ತು. ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲಿಡದೆಯೇ ನಡೆದಿದ್ದವು. ಇಷ್ಟು ಅಗಲವಾದ ಅವಧಿಯಲ್ಲಿ ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸುವುದರಿಂದ ಏನು ಗೊತ್ತಾಗುತ್ತದೆ?

ಇವನ ಕತ್ತು ನಿಂತಿದೆ. ನನ್ನ ದನಿ ಕೇಳಿದರೆ ಆ ಕಡೆಗೆ ತಿರುಗುತ್ತಾನೆ, ಮುಖ ನೋಡಿ ನಗುತ್ತಾನೆ, "ಊಂ" ಎಂದರೆ ತಾನೂ ರಾಗ ಎಳೆಯುತ್ತಾನೆ. ಅತ್ತೆಯವರ ಮುಖ ಸ್ವಲ್ಪ ತಿಳಿಯಾಯಿತು. "ಕೈಯೂ ಚುರುಕು. ಬಳೆ ತೋರಿಸಿದರೆ ಬಲಗೈಯಲ್ಲೇ ಎಳೆದುಕೊಳ್ಳುತ್ತಾನೆ, ಅಪ್ಪನ ಹಾಗೆ ಬಲಗೈಯವನೇ" ಎಂದರು.

ನನಗೆ ಉತ್ತರ ಹೊರಡಲಿಲ್ಲ.

ಈ ವಯಸ್ಸಿಗೆ ಬಲಗೈ ಎಡಗೈ ಎಂಬ ಭೇದವಿರಬಾರದು. ಒಂದು ವರ್ಷ ತುಂಬುವ ಮೊದಲೇ ಮಗು ಸದಾ ಒಂದೇ ಕೈಯನ್ನು ಚಾಚಿದರೆ, ಇನ್ನೊಂದು ಕೈ ಏಕೆ ಹಿಂದುಳಿದಿದೆ ಎಂದು ವೈದ್ಯರಿಗೆ ತೋರಿಸಿಕೊಳ್ಳಬೇಕು. ಅವನನ್ನು ಕೌದಿಯ ಮೇಲೆ ಮಲಗಿಸಿ ಬಳೆಯನ್ನು ಎದೆಯ ನೇರಕ್ಕೆ ಹಿಡಿದೆ. ಬಲಗೈ ಎದ್ದಿತು. ಎಡಗಡೆಗೆ ಸರಿಸಿದೆ, ಎಡಗೈಯ ಪಕ್ಕದಲ್ಲೇ ಬಳೆ ಇದ್ದರೂ ಬಲಗೈಯೇ ಎದೆಯನ್ನು ದಾಟಿ ಬಂದಿತು. ಎಡಗೈ ಮುಷ್ಟಿಯಾಗಿಯೇ ಇತ್ತು, ಹೆಬ್ಬೆರಳು ಒಳಗೆ ಮಡಚಿಕೊಂಡಿತ್ತು. ಹುಟ್ಟಿದ ಹೊಸತರಲ್ಲಿ ಎಲ್ಲ ಮಕ್ಕಳೂ ಮುಷ್ಟಿ ಬಿಗಿದಿರುತ್ತವೆ, ಆದರೆ ಮೂರು ತಿಂಗಳ ಹೊತ್ತಿಗೆ ಬೆರಳುಗಳು ಹೆಚ್ಚಿನ ಹೊತ್ತು ಬಿಚ್ಚಿಕೊಂಡಿರಬೇಕು.

ಏನೂ ಇಲ್ಲದಿರಬಹುದು. ಇದ್ದರೆ, ಮಿದುಳು ಇಷ್ಟು ಬೇಗ ಬೇಗ ಬೆಳೆಯುತ್ತಿರುವ ಈ ತಿಂಗಳುಗಳಲ್ಲೇ ವ್ಯಾಯಾಮ ಆರಂಭಿಸುವುದು ಮೇಲು. "ದೊಡ್ಡವನಾದರೆ ಸರಿಹೋಗುತ್ತದೆ" ಎಂದು ಕಾಯುವಂಥ ವಿಷಯ ಇದಲ್ಲ. ನಾಳೆ ಸ್ವಾತಂತ್ರ್ಯ ದಿನದ ರಜೆ. ಶುಕ್ರವಾರವೇ ಜಿಲ್ಲಾಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ, ಎಂದರೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಕಡೆಗೆ, ಹೋಗೋಣವೆಂದೆ. "ವರಮಹಾಲಕ್ಷ್ಮಿ ಹಬ್ಬದ ದಿನ ಆಸ್ಪತ್ರೆಗೇ?" ಎಂದ ಅತ್ತೆಯವರು, ಮಗುವಿನ ಎಡಮುಷ್ಟಿಯನ್ನು ತಾವೇ ಮೆಲ್ಲಗೆ ಬಿಡಿಸಿ ನೋಡಿ, "ಬೆಳಿಗ್ಗೆ ಬೇಗ ಕಳಸ ಕೂರಿಸಿಬಿಡೋಣ, ನಾನೂ ಬರುತ್ತೇನೆ" ಎಂದರು.

ವೈದ್ಯರಿಗೆ ಹೇಳಬೇಕಾದದ್ದನ್ನು ಬರೆದಿಡುತ್ತಿದ್ದೇನೆ. ಹೆಬ್ಬೆರಳು ನಿದ್ದೆಯಲ್ಲೂ ಹಾಗೆಯೇ ಇರುತ್ತದೆಯೇ, ಅಂಗಿ ತೊಡಿಸುವಾಗ ಎಡತೋಳು ಬಿಗಿ ಎನಿಸುತ್ತದೆಯೇ, ಒದೆಯುವಾಗ ಎರಡೂ ಕಾಲು ಒಂದೇ ಸಮ ಇವೆಯೇ. ನಾಳೆ ಎಣ್ಣೆ ಹಚ್ಚುವಾಗ ಕಾಲುಗಳನ್ನೂ ನೋಡಬೇಕು, ಮತ್ತೆ ಕಳೆದ ತಿಂಗಳು ಫೋನಿನಲ್ಲಿ ತೆಗೆದ ವಿಡಿಯೋಗಳಲ್ಲಿ ಎಡಗೈ ಹೇಗಿತ್ತೆಂದು ಗಮನಿಸಬೇಕು.