ಮನೆಯಿಲ್ಲದ ನಕ್ಷೆ

17 ನವೆಂಬರ್ 2024, ಭಾನುವಾರ. ಆಗ್ರಾ

ಫತೇಪುರ್ ಸಿಕ್ರಿಗೆ ಹೋಗಿ ಬಂದೆವು. ಪಂಚಮಹಲಿನ 176 ಕಂಬಗಳನ್ನು ಎಣಿಸಿಯೇ ತೀರುತ್ತೇನೆಂದು ಹೊರಟ ನನ್ನಾಕೆ, ನೆಲಮಟ್ಟದ 84 ಮುಗಿಯುವ ಮೊದಲೇ ಲೆಕ್ಕ ತಪ್ಪಿ ನೆರಳು ಹುಡುಕಿಕೊಂಡಳು. ನಾನು ಅನೂಪ್ ತಲಾವಿನ ದಂಡೆಯಲ್ಲಿ ಕುಳಿತೆ. ಚೌಕ ಕೊಳ, ನಾಲ್ಕು ಕಡೆಯಿಂದ ನಾಲ್ಕು ಕಲ್ಲುಹಾದಿ, ನಡುವೆ ಒಂದು ಜಗಲಿ, ಪಾಚಿಗಟ್ಟಿದ ನೀರು.

ಎಲ್ಲರೂ ಇಲ್ಲಿಗೆ ಅಕ್ಬರನನ್ನು ನೆನೆದು ಬರುತ್ತಾರೆ. ನಾನು ಬಂದದ್ದು ಗೆರೆಗಳಲ್ಲೇ ಚಿತ್ರ ಬರೆದ ಕಲಾವಿದೆ ನಸ್ರೀನ್ ಮೊಹಮದಿ ಅವರಿಂದಾಗಿ. 1937ರಲ್ಲಿ ಕರಾಚಿಯಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಕಲಿತು, 1972ರಿಂದ ಬರೋಡಾದಲ್ಲಿ ಕಲೆ ಕಲಿಸಿದವರು. ಸಿಕ್ರಿಯಲ್ಲಿ ಅವರು ತೆಗೆದ ಕಪ್ಪು-ಬಿಳುಪು ಫೋಟೋಗಳಲ್ಲಿ ನಾನು ಕಂಡಷ್ಟರಲ್ಲಿ ಅರಮನೆಯ ವೈಭವವಿಲ್ಲ. ಕಲ್ಲಿನ ಅಂಚು, ನೆರಳಿನ ಓರೆ, ಅಷ್ಟೇ. ಬದುಕಿದ್ದಾಗ ಅವನ್ನು ಪ್ರದರ್ಶನಕ್ಕೂ ಇಡಲಿಲ್ಲ.

ಮೂವತ್ತೊಂದು ವರ್ಷ ಕಟ್ಟಡಗಳ ನಕ್ಷೆ ಬರೆದು ನಿವೃತ್ತನಾದ ಡ್ರಾಫ್ಟ್ಸ್‌ಮನ್ ನಾನು. ಅವರ ರೇಖಾಚಿತ್ರ ಮೊದಲ ಸಲ ಕಣ್ಣಿಗೆ ಬಿದ್ದಾಗ ಸಿಟ್ಟು ಬಂದಿತ್ತು. ನಮ್ಮವೇ ಸಾಮಾನು, ನಮ್ಮದೇ ಶಾಯಿ. ಆದರೆ ಅಳತೆಯಿಲ್ಲ, ಬಾಗಿಲಿಲ್ಲ, ಕೊನೆಗೆ ಹೆಸರೂ ಇಲ್ಲ. ಯಾವ ಮೇಸ್ತ್ರಿಗೆ ಕೊಡಲು ಈ ನಕ್ಷೆ?

ಭೂತಗನ್ನಡಿ ಹಿಡಿದ ಮೇಲೆ ಸುಮ್ಮನಾದೆ. ಗೆರೆಗಳ ನಡುವಿನ ಸಂದು ಕೂದಲೆಳೆಯಷ್ಟಾಗುತ್ತ ಹೋಗುತ್ತದೆ. ಶಾಯಿಯಲ್ಲಿ ಅಷ್ಟು ಒತ್ತಾಗಿ ಎಳೆಯಬೇಕಾದರೆ ಹಿಂದಿನ ಗೆರೆ ಒಣಗುವತನಕ ಕಾಯಬೇಕು. ಅವಸರ ಮಾಡಿದರೆ ಶಾಯಿ ಸ್ಕೇಲಿನಡಿಗೆ ನುಗ್ಗಿ ಇಡೀ ಹಾಳೆ ಕೆಡುತ್ತದೆ. ನಮ್ಮ ಕಚೇರಿಯಲ್ಲಿ ಹೊಸಬರೆಲ್ಲ ಬೈಸಿಕೊಳ್ಳುತ್ತಿದ್ದುದು ಅದಕ್ಕೇ. ನರಗಳ ಕಾಯಿಲೆ ಕೈಯ ಹಿಡಿತವನ್ನೇ ಕಸಿಯುತ್ತಿದ್ದಾಗಲೂ ನಸ್ರೀನ್ ಹಾಗೆ ಎಳೆದರು. 1990ರಲ್ಲಿ, ಅಲಿಬಾಗ್ ಬಳಿಯ ಕಿಹಿಮ್ ಕಡಲತೀರದ ಊರಿನಲ್ಲಿ ತೀರಿಕೊಂಡರು.

ಇಳಿಹೊತ್ತಿನಲ್ಲಿ ಕಲ್ಲುಹಾದಿಯ ನೆರಳು ನೀರಿನ ಮೇಲೆ ಓರೆಯಾಗಿ ಬಿತ್ತು. ಪಾಚಿ ಇದ್ದಲ್ಲಿ ಅಂಚು ಚೂಪು, ನೀರು ತೆರೆದಲ್ಲಿ ತುಸು ನಡುಕ. ಅಲ್ಲಿ ಒಂದೇ ಗೆರೆ ಎಳೆಯಬೇಕೋ ಎರಡೋ ಎಂಬ ಯೋಚನೆಯಲ್ಲಿ ಇದ್ದಾಗ ಕಾವಲುಗಾರನ ಸೀಟಿ ಕೇಳಿಸಿತು. ಫೋಟೋ ತೆಗೆಯುವುದೂ ಮರೆತುಹೋಯಿತು.

ರಾತ್ರಿ ಹೋಟೆಲಿನ ಮೇಜಿನ ಮೇಲೆ ಹಾಳೆ ಹರಡಿ ಎಳೆದು ನೋಡಿದೆ. ಎರಡು ಗೆರೆ ಪರವಾಗಿಲ್ಲ. ಮೂರನೆಯದರ ತುದಿಯಲ್ಲಿ ಶಾಯಿ ಬೊಟ್ಟಾಯಿತು. ಕೆರೆಯೋಣವೆಂದು ಡಬ್ಬಿ ತೆರೆದರೆ ಬ್ಲೇಡಿಲ್ಲ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ತೆಗೆದಿಟ್ಟುಕೊಂಡಿದ್ದರು.