ಇಲಿ ಜ್ವರ ಮುಂಚೆ ಇರಲಿಲ್ಲ ಅಂತ ಯಾರು ಹೇಳಿದ್ದು?

ಮಳೆ ಹಿಡಿಯಿತು ಅಂದರೆ ನನಗೆ ಈ ಪ್ರಶ್ನೆ ಗ್ಯಾರಂಟಿ. "ಡಾಕ್ಟ್ರೇ, ಈ ಇಲಿ ಜ್ವರ ಎಲ್ಲ ಮುಂಚೆ ಇರಲಿಲ್ಲ ಅಲ್ವಾ? ಈಗ ಎಲ್ಲಿಂದ ಬಂತು?" ಕ್ಲಿನಿಕ್ಕಿನಲ್ಲಿ ಕೇಳುತ್ತಾರೆ, ಮೀನು ಮಾರ್ಕೆಟ್ಟಿನಲ್ಲಿ ಕೇಳುತ್ತಾರೆ, ಫೋನ್ ಮಾಡಿಯೂ ಕೇಳುತ್ತಾರೆ. ಉಡುಪಿ ಜಿಲ್ಲೆಯಲ್ಲಿ ಪ್ರಾಕ್ಟೀಸ್ ಮಾಡುವ ನನಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಮುಂಚೆಯೂ ಇತ್ತು. ಜರ್ಮನಿಯ ಅಡಾಲ್ಫ್ ವೈಲ್ ಎಂಬ ವೈದ್ಯರು ಇದರ ಲಕ್ಷಣಗಳನ್ನು 1886ರಲ್ಲೇ ಬರೆದಿಟ್ಟರು: ಜ್ವರ, ಹಳದಿ ಕಣ್ಣು, ಕೆಟ್ಟ ಕಿಡ್ನಿ. 1915ರ ಹೊತ್ತಿಗೆ ಜಪಾನಿನ ಇನಾಡಾ ಮತ್ತು ಇಡೋ ಗಣಿ ಕಾರ್ಮಿಕರ ರಕ್ತದಲ್ಲಿ ಇದರ ಬ್ಯಾಕ್ಟೀರಿಯಾವನ್ನು ಕಂಡುಹಿಡಿದರು. ಅದೇ ಲೆಪ್ಟೊಸ್ಪೈರಾ. ನಮ್ಮ ದೇಶದ ಮಾತು ಬೇಕಾ? ಅಂಡಮಾನಿನಲ್ಲಿ ಈ ಕಾಯಿಲೆ ಇದೆ ಅಂತ ಟೇಲರ್ ಮತ್ತು ಗೋಯ್ಲ್ ಎಂಬ ಇಬ್ಬರು 1931ರಲ್ಲಿ ವರದಿ ಬರೆದರು. ಆಮೇಲೆ ಅದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. 1988ರಿಂದ ಅದೇ ಅಂಡಮಾನಿನಲ್ಲಿ ಮಳೆಗಾಲದ ಕೊನೆಗೆ ಜನ ಜ್ವರ ಬಂದು, ಕೆಮ್ಮಿ ರಕ್ತ ಕಾರಿ ಸಾಯತೊಡಗಿದರು. ಏನು ಕಾಯಿಲೆ ಅಂತ ತಿಳಿಯದೆ 'ಅಂಡಮಾನ್ ರಕ್ತಸ್ರಾವ ಜ್ವರ' ಅಂತ ಹೊಸ ಹೆಸರಿಟ್ಟರು. 1990ರ ದಶಕದಲ್ಲಿ ಪರೀಕ್ಷೆ ಮಾಡಿ ನೋಡಿದರೆ ಅದು ಲೆಪ್ಟೊಸ್ಪೈರಾ. ಅರುವತ್ತು ವರ್ಷದ ಹಿಂದೆ ಕಾಗದದ ಮೇಲೆ ಬರೆದಿಟ್ಟ ಕಾಯಿಲೆ ಹೊಸದಾಗಿ ಬಂದಂತೆ ಕಂಡಿತು!

ಇನ್ನು ಕೆಲವರು ಬೇರೆ ವರಸೆ ತೆಗೆಯುತ್ತಾರೆ. "ನಮ್ಮ ಮನೇಲಿ ಒಂದು ಇಲಿಯೂ ಇಲ್ಲ ಡಾಕ್ಟ್ರೇ." ಯಾರೋ ಅವರ ಮನೆ ಗಲೀಜು ಅಂದ ಹಾಗೆ ಸಿಟ್ಟು ಬೇರೆ. ಮನೆ ಥಳಥಳ ಹೊಳೆಯಲಿ, ನನಗೂ ಸಂತೋಷ. ಇಲಿ ಕಚ್ಚಿ ಬರುವ ಜ್ವರ ಇದಲ್ಲ. ಬ್ಯಾಕ್ಟೀರಿಯಾ ಇರುವುದು ಇಲಿ, ಹೆಗ್ಗಣಗಳ ಕಿಡ್ನಿಯಲ್ಲಿ. ದನ, ಎಮ್ಮೆ, ಹಂದಿ, ನಾಯಿಗಳಲ್ಲೂ ಇರುತ್ತದೆ. ಉಚ್ಚೆಯಲ್ಲಿ ಹೊರಗೆ ಬಂದು ಒದ್ದೆ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ವಾರಗಟ್ಟಲೆ ಬದುಕುತ್ತದೆ. ಒಡೆದ ಹಿಮ್ಮಡಿ, ನೀರಲ್ಲಿ ನೆನೆದು ಕೊಳೆತ ಬೆರಳ ಸಂದಿ, ಕತ್ತಿ ತಾಗಿದ ಸಣ್ಣ ಗಾಯ, ಅಷ್ಟು ಸಾಕು ಒಳಗೆ ಹೋಗಲು.

ಒಂದು ಮದುವೆ ಊಟದಲ್ಲಿ ಈ ಪ್ರಶ್ನೆ ಜೋರಾಗಿಯೇ ಬಂತು. ಕೇಳಿದವರು ನಮ್ಮ ಸಂಬಂಧದಲ್ಲಿ ದೊಡ್ಡವರು, ಒಂದು ಕಾಲದಲ್ಲಿ ಒಳ್ಳೆ ಗದ್ದೆ ಇದ್ದವರು. "ನಾವು ಮಳೆಗಾಲ ಇಡೀ ಗದ್ದೆಯಲ್ಲೇ ಇದ್ದೆವು ಮಾರಾಯ್ರೆ. ಒಬ್ಬರಿಗಾದ್ರೂ ಇಲಿ ಜ್ವರ ಬಂದದ್ದುಂಟಾ?"

"ಗದ್ದೆಗೆ ಇಳಿದವರು ಯಾರು ಮಾವ?" ಅಂತ ಕೇಳಿದೆ.

ಅವರು ಕೊಡೆ ಹಿಡಿದು ಅಂಚಿನ ಮೇಲೆ ನಿಂತವರು. ನೇಜಿ, ಅಂದರೆ ಭತ್ತದ ಸಸಿ, ನೆಟ್ಟದ್ದು ಹೆಂಗಸರು, ಬೆಳಗಿನಿಂದ ಸಂಜೆವರೆಗೆ ಮೊಣಕಾಲುದ್ದ ನೀರಲ್ಲಿ, ಬರಿಗಾಲಲ್ಲಿ. ಪಾತ್ರೆ ತೊಳೆಯಲು ಬಂದಿದ್ದ ಅಕ್ಕ ಎಲೆ ತೆಗೆಯುತ್ತಾ ಇದನ್ನು ಕೇಳಿಸಿಕೊಂಡರು. ಕೈ ತೊಳೆಯುವಲ್ಲಿ ನನ್ನ ಹತ್ತಿರ ಬಂದು ಹೇಳಿದರು: "ನನ್ನ ಅಮ್ಮ ಆಟಿ ತಿಂಗಳ ಮಳೆಯಲ್ಲಿ ಹೋದದ್ದು ಡಾಕ್ಟ್ರೇ. ನೇಜಿ ಮುಗಿದು ಸ್ವಲ್ಪ ದಿನಕ್ಕೆ ಜ್ವರ. ಕಣ್ಣೆಲ್ಲ ಅರಶಿನ. ಕಡೆಗೆ ಮೂತ್ರವೇ ನಿಂತುಹೋಯ್ತು. ಕಾಮಾಲೆ ಅಂತ ಮದ್ದು ಅರೆದು ಕೊಟ್ಟರು."

ಅದು ಇಲಿ ಜ್ವರವೇ ಆಗಿತ್ತು ಅಂತ ನಾನು ಹೇಳಲಾರೆ. ಅಲ್ಲ ಅನ್ನಲು ಆಗ ಯಾರೂ ಟೆಸ್ಟ್ ಮಾಡಿರಲಿಲ್ಲ. ನಮ್ಮ ಊರುಗಳಲ್ಲಿ ಆಟಿ ತಿಂಗಳಲ್ಲಿ 'ಕಾಮಾಲೆ'ಯಿಂದ ಸತ್ತವರು ಎಷ್ಟೋ ಜನ. ಅವರ ಪೈಕಿ ಗದ್ದೆಯ ಅಂಚಿನಲ್ಲಿ ನಿಂತವರು ಎಷ್ಟು, ಒಳಗೆ ಇಳಿದವರು ಎಷ್ಟು ಅಂತ ಯಾರಾದ್ರೂ ಲೆಕ್ಕ ಇಟ್ಟಿದ್ದಾರಾ? ಇರಲಿಲ್ಲ ಅನ್ನುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ.

ಹಾಗಂತ ಏನೂ ಬದಲಾಗಿಲ್ಲ ಅಂತಲ್ಲ. ಬಹಳ ಬದಲಾಗಿದೆ. ಮುಂಚೆ ಗದ್ದೆ, ಗಣಿ, ಚರಂಡಿಗೆ ಇಳಿಯುವವರ ಕಾಯಿಲೆ ಆಗಿದ್ದದ್ದು ಈಗ ಪೇಟೆಯ ಬೀದಿಗೂ ಬರುತ್ತದೆ. 1996ರಲ್ಲಿ ಬ್ರೆಜಿಲ್ಲಿನ ಸಾಲ್ವಡಾರ್ ನಗರದ ಕೊಳೆಗೇರಿಗಳಲ್ಲಿ ಮಳೆ ಜೊತೆಗೇ ಹಬ್ಬಿತು. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ಆಫೀಸಿನಿಂದ ಸೊಂಟದ ಮಟ್ಟದ ನೀರಲ್ಲಿ ನಡೆದು ಮನೆ ಸೇರಿದ ಊರು ಅದು. ಬೆನ್ನಿಗೇ ಇಲಿ ಜ್ವರ ಬಂತು. ಪಕ್ಕದ ಕೇರಳದಲ್ಲಿ 2018ರ ನೆರೆ ಇಳಿದ ಮೇಲೆ ಮನೆ ಕೆಸರು ಎತ್ತಲು ಹೋದವರಿಗೆ ಬಂತು. ನಮ್ಮಲ್ಲಿ ಗದ್ದೆ ಕಡಿಮೆ ಆಯ್ತು, ಜ್ವರ ಕಡಿಮೆ ಆಗಲಿಲ್ಲ. ಈಗ ನನ್ನ ಬಳಿ ಬರುವವರು ತೋಟದ ಹುಲ್ಲು ತೆಗೆಯುವವರು, ತೋಡು ಹೂಳೆತ್ತುವವರು, ಪಾಯದ ಗುಂಡಿಯ ನೀರು ಎತ್ತಿ ಹಾಕುವ ಉತ್ತರ ಕರ್ನಾಟಕದ ಹುಡುಗರು.

ಕಾಯಿಲೆಯ ಮುಖವೂ ಒಂದೇ ಅಲ್ಲ. ಕಣ್ಣು ಹಳದಿ ಆಗಿಲ್ಲ, ಹಾಗಾಗಿ ಇಲಿ ಜ್ವರ ಅಲ್ಲ ಅಂತ ಧೈರ್ಯವಾಗಿ ಕೂತರೆ ಕೆಟ್ಟೆವು. 1995ರಲ್ಲಿ ನಿಕರಾಗುವಾದಲ್ಲಿ ಹಳದಿ ಇಲ್ಲದೆಯೇ ಶ್ವಾಸಕೋಶದಲ್ಲಿ ರಕ್ತ ಸುರಿದು ಜನ ಸತ್ತರು. ನಾನು ಮೊದಲು ನೋಡುವುದು ಕಾಲನ್ನು. ಮೀನಖಂಡವನ್ನು ಮೆಲ್ಲ ಒತ್ತಿದರೂ ರೋಗಿ ಸರಕ್ಕನೆ ಕಾಲು ಎಳೆದುಕೊಳ್ಳುತ್ತಾನೆ. ಕಣ್ಣು ಕೆಂಪಗಿರುತ್ತದೆ, ಗೀಜು ಇರುವುದಿಲ್ಲ. ಈ ಎರಡು ಕಂಡರೆ ನಾನು ಕಾಯುವುದಿಲ್ಲ.

ಎಲ್ಲಿಂದ ಬಂತು ಅಂತ ಕೇಳುವವರು ಇಷ್ಟು ಜನ. "ನಾಳೆ ನಮ್ಮ ತೋಟಕ್ಕೆ ಕೆಲಸದವರು ಬರ್ತಾರೆ, ಅವರಿಗೆ ನಾನೇನು ಮಾಡ್ಲಿ?" ಅಂತ ಕೇಳಿದವರನ್ನು ಮಾತ್ರ ಬೆರಳಲ್ಲಿ ಎಣಿಸಬಹುದು. ಅದನ್ನು ಕೇಳಿ, ಕೂತು ಮಾತಾಡುತ್ತೇನೆ. ಚರಂಡಿ, ತೋಟದ ಕೆಲಸಕ್ಕೆ ಗಮ್ ಬೂಟು ಕೊಡಿಸಿ. ನೇಜಿ ನೆಡುವವರಿಗೆ ಅದು ಆಗುವುದಿಲ್ಲ, ಕೆಸರಲ್ಲಿ ಹೂತು ಕಾಲು ಮಾತ್ರ ಮೇಲೆ ಬರುತ್ತದೆ. ಕಾಲಲ್ಲಿ ಗಾಯ ಇದ್ದವರನ್ನು ಆ ದಿನ ನೀರಿಗೆ ಇಳಿಸಬೇಡಿ, ಬೇರೆ ಕೆಲಸ ಕೊಡಿ. ಸಂಬಳ ಹಿಡಿಯಬೇಡಿ, ಹಿಡಿದರೆ ಅವರು ಗಾಯ ಮುಚ್ಚಿಟ್ಟು ಇಳಿಯುತ್ತಾರೆ. ಜ್ವರ ಬರದ ಹಾಗೆ ಮುಂಚಿತವಾಗಿ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ 200 ಮಿಲಿಗ್ರಾಂ ಕೊಡುವ ಪದ್ಧತಿ ಇದೆ. ಅಂಡಮಾನಿನಲ್ಲಿ ಕೊಟ್ಟು ನೋಡಿದಾಗ ಸೋಂಕು ನಿಲ್ಲಲಿಲ್ಲ, ಆದರೆ ಜ್ವರ ಬಂದು ಮಲಗಿದವರು ಕಡಿಮೆಯಾದರು. ಮೆಡಿಕಲ್ಲಿನಿಂದ ಸುಮ್ನೆ ತಂದು ಹಂಚಬೇಡಿ. ಬಸುರಿಯರಿಗೆ, ಸಣ್ಣ ಮಕ್ಕಳಿಗೆ ಅದು ಆಗದು. ಆರೋಗ್ಯ ಕೇಂದ್ರದಲ್ಲಿ ಕೇಳಿ.

ಜ್ವರ ಬಂದರೆ ಟೆಸ್ಟ್ ರಿಪೋರ್ಟು ಹಿಡಿದುಕೊಂಡು "ನೆಗೆಟಿವ್ ಬಂದಿದೆ" ಅಂತ ಮನೆಗೆ ಹೋಗಬೇಡಿ. ಎಲಿಸಾ ಎಂಬ ರಕ್ತದ ಟೆಸ್ಟು ಹುಡುಕುವುದು ಪ್ರತಿಕಾಯವನ್ನು, ಅಂದರೆ ಬ್ಯಾಕ್ಟೀರಿಯಾ ವಿರುದ್ಧ ನಮ್ಮ ದೇಹ ತಯಾರಿಸುವ ವಸ್ತುವನ್ನು. ಅದು ರಕ್ತದಲ್ಲಿ ಹುಟ್ಟಲು ಸುಮಾರು ಒಂದು ವಾರ ಬೇಕು. ಔಷಧಿ ಕೆಲಸ ಮಾಡುವುದು ಅದಕ್ಕಿಂತ ಮುಂಚೆ ಶುರು ಮಾಡಿದರೆ ಜಾಸ್ತಿ. ಹಾಗಾಗಿ ಡಾಕ್ಟರು ಕೇಳದಿದ್ದರೂ ನೀವಾಗಿ ಹೇಳಿ: ಕಳೆದ ಮೂರು ನಾಲ್ಕು ವಾರದಲ್ಲಿ ಯಾವ ನೀರಿಗೆ ಇಳಿದಿರಿ, ಕಾಲಲ್ಲಿ ಗಾಯ ಇತ್ತಾ, ಹಟ್ಟಿ ತೊಳೆದಿರಾ. ಅಷ್ಟು ಗೊತ್ತಾದರೆ ರಿಪೋರ್ಟಿಗೆ ಕಾಯದೆ ಔಷಧಿ ಶುರು ಮಾಡಬಹುದು.